ಮೂಕವಾದ ಗೊಂಬೆಗೆ ಮತ್ತೆ ಮಾತು

ವಿಕ್ರಮಾದಿತ್ಯನ ಸಿಂಹಾಸನದ ಮೂವತ್ತೆರಡು ಪುತ್ಥಳಿಗಳು ಒಂದೊಂದಾಗಿ ಬಾಯಿ ತೆರೆದು ಭೋಜರಾಜನಿಗೆ ಕಥೆ ಹೇಳಿದ ವೃತ್ತಾಂತವನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಜಡವಾದ ಗೊಂಬೆ ಮಾತನಾಡಬೇಕೆಂಬ ಆಸೆ ಅಷ್ಟು ಹಳೆಯದು. ಕಥೆಯಲ್ಲಿ ಅದಕ್ಕೆ ಒಂದು ಶಾಪ ಸಾಕಾಯಿತು. ಮನುಷ್ಯನು ತನ್ನ ಕೈಯಿಂದಲೇ ಆ ಕೆಲಸವನ್ನು ಮಾಡಹೊರಟಾಗ ತಿದಿ, ಪೀಪಿ, ಹಲ್ಲುಗಾಲಿ, ಮೇಣದ ಉರುಳೆ, ಟೇಪು, ಸಿಲಿಕಾನ್ ಚಿಪ್ಪು ಇವೆಲ್ಲವೂ ಬೇಕಾದುವು.

ನಮ್ಮ ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಸಂಪ್ರದಾಯವುಂಟು. ಪಟ್ಟದ ಗೊಂಬೆಗಳ ಪಕ್ಕದಲ್ಲಿ, ಹೊರದೇಶದ ನೆಂಟರು ಎಂದೋ ತಂದುಕೊಟ್ಟ ಮಾತನಾಡುವ ಕರಡಿಯನ್ನೋ ದಾರ ಎಳೆದರೆ ಉಲಿಯುವ ಹುಡುಗಿಯ ಗೊಂಬೆಯನ್ನೋ ಇಡುವ ಮನೆಗಳೂ ಇವೆ. ವರ್ಷವೆಲ್ಲ ಅಟ್ಟದ ಮೇಲಿದ್ದ ಆ ಗೊಂಬೆಯನ್ನು ಒಂದು ಹಬ್ಬಕ್ಕೆ ಇಳಿಸಿದಾಗ ಅದು ಮೂಕವಾಗಿರುತ್ತದೆ. ನಂಜನಗೂಡು ತಾಲ್ಲೂಕಿನ ದೇವನೂರಿನಂಥ ಗ್ರಾಮದಲ್ಲಿ ಇಂಥ ಗೊಂಬೆಗಳನ್ನು ಸರಿಪಡಿಸುವ ಅಂಗಡಿಯನ್ನು ನಿರೀಕ್ಷಿಸುವಂತಿಲ್ಲ. ಪಟ್ಟಣಗಳಲ್ಲಿಯೂ ಅದು ಅಪರೂಪವೇ. ಹಳೆಯ ಗೊಂಬೆಗಳನ್ನು ತಯಾರಿಸಿದ ಕಂಪೆನಿಗಳಲ್ಲಿ ಕೆಲವು ಇಂದು ಇಲ್ಲವೇ ಇಲ್ಲ. ಆದಕಾರಣ ಮನೆಯವರೇ ತಿರುಪುಳಿಯನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.

ಇದು ಅಸಾಧ್ಯವಾದ ಕೆಲಸವಲ್ಲ. ಆದರೆ ಕೈಹಾಕುವ ಮೊದಲು ಒಂದು ಭೇದವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮಾತನಾಡುವ ಗೊಂಬೆಯಲ್ಲಿ ಎರಡು ಅಂಶಗಳಿವೆ. ಒಂದು, ಅದರ ಯಂತ್ರ: ಗಾಲಿ, ಪಟ್ಟಿ, ತಂತಿ, ಮೋಟಾರು, ಸೆಲ್ಲು. ಇವು ಕೆಟ್ಟರೆ ಬೇರೆಯವನ್ನು ಹಾಕಬಹುದು. ಇನ್ನೊಂದು, ಅದರ ಧ್ವನಿ. ಅದು ಒಮ್ಮೆ ಅಳಿದರೆ ಮತ್ತೆ ತರಲು ಸಾಧ್ಯವಿಲ್ಲ. ಅನೇಕ ವೇಳೆ ಗೊಂಬೆ ಮೂಕವಾಗುವುದು ಯಂತ್ರ ಕೆಟ್ಟದ್ದರಿಂದ. ಧ್ವನಿಯಾದರೋ ಒಳಗೆ ಸುಖವಾಗಿಯೇ ಇರುತ್ತದೆ. ಅವಸರದ ದುರಸ್ತಿ ಯಂತ್ರವನ್ನು ಸರಿಪಡಿಸುವ ಭರದಲ್ಲಿ ಧ್ವನಿಯನ್ನು ಕೊಲ್ಲುತ್ತದೆ. ಇದನ್ನು ತಪ್ಪಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ಶ್ರೀರಂಗಪಟ್ಟಣದ ಹುಲಿ

ಮೇಲಿನ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ಬಹು ದೂರ ಹೋಗಬೇಕಾಗಿಲ್ಲ. ಧ್ವನಿ ಮಾಡುವ ಯಂತ್ರದ ಗೊಂಬೆಗಳಲ್ಲಿ ಜಗತ್ಪ್ರಸಿದ್ಧವಾದ ಒಂದು, ಮೈಸೂರಿನ ಮಗ್ಗುಲಲ್ಲಿರುವ ಶ್ರೀರಂಗಪಟ್ಟಣದ ಅರಮನೆಯಲ್ಲಿತ್ತು. ಟಿಪ್ಪು ಸುಲ್ತಾನನಿಗಾಗಿ ಸುಮಾರು ೧೭೯೩ರಲ್ಲಿ ಮಾಡಿದ ಮರದ ಹುಲಿ ಅದು. ಉದ್ದ ಸುಮಾರು ೧೭೮ ಸೆಂಟಿಮೀಟರು, ಎತ್ತರ ಸುಮಾರು ೭೧ ಸೆಂಟಿಮೀಟರು. ಬಣ್ಣ ಬಳಿದ ಈ ಹುಲಿ, ಅಂಗಾತ ಬಿದ್ದ ಒಬ್ಬ ಐರೋಪ್ಯನ ಮೇಲೆ ನಿಂತು ಅವನ ಕತ್ತಿಗೆ ಬಾಯಿ ಹಾಕಿದೆ.

ಹುಲಿಯ ಮೈಗೆ ಜೋಡಿಸಿದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಉಬ್ಬಿ ಕುಗ್ಗುತ್ತವೆ. ಒಂದು ತಿದಿಯ ಗಾಳಿ ಮನುಷ್ಯನ ಗಂಟಲಿನಲ್ಲಿರುವ ಕೊಳವೆಯನ್ನು ಹೊಕ್ಕು ನರಳಾಟದ ಧ್ವನಿಯನ್ನು ಹೊರಡಿಸುತ್ತದೆ. ಅದೇ ವೇಳೆಗೆ ಅವನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ಅದರೊಡನೆ ಧ್ವನಿಯ ಏರಿಳಿತವೂ ಬದಲಾಗುತ್ತದೆ. ಹುಲಿಯ ತಲೆಯೊಳಗಿನ ಬೇರೊಂದು ಏರ್ಪಾಡು ಎರಡು ಸ್ವರಗಳ ಗುರುಗುಟ್ಟುವಿಕೆಯನ್ನು ಉಂಟುಮಾಡುತ್ತದೆ. ಪಕ್ಕೆಯ ಮುಚ್ಚಳವನ್ನು ತೆರೆದರೆ ೧೮ ಮಣೆಗಳ ಒಂದು ಚಿಕ್ಕ ಆರ್ಗನ್ ವಾದ್ಯ ಕಾಣುತ್ತದೆ. ಒಂದೇ ಹಿಡಿಯಿಂದ ಅಂಗಚಲನೆ, ಧ್ವನಿ ಇವೆರಡನ್ನೂ ಜೊತೆಗೂಡಿಸಿರುವುದೇ ಇದರ ವೈಶಿಷ್ಟ್ಯ. ಕೆತ್ತನೆ ನಮ್ಮವರದು, ಯಂತ್ರಭಾಗದಲ್ಲಿ ಫ್ರೆಂಚ್ ಕುಶಲಿಗಳ ಕೈವಾಡವೂ ಇದ್ದಿರಬಹುದೆಂದು ವಿದ್ವಾಂಸರ ಊಹೆ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಹುಲಿಯನ್ನು ಲಂಡನ್ನಿಗೆ ಸಾಗಿಸಿದರು. ೧೮೦೮ರಿಂದ ಅದು ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಬಂತು. ನೋಡಬಂದವರೆಲ್ಲ ಹಿಡಿಯನ್ನು ತಿರುಗಿಸುವವರೇ! ಪಕ್ಕದ ಪುಸ್ತಕಭಂಡಾರದಲ್ಲಿ ಓದುತ್ತ ಕುಳಿತವರಿಗೆ ಈ ಗರ್ಜನೆ ದೊಡ್ಡ ಉಪದ್ರವವಾಗಿತ್ತು. ಕೊನೆಗೆ ಹಿಡಿಯೇ ಕಾಣೆಯಾಯಿತು. ೧೮೪೩ರ ಹೊತ್ತಿಗೆ ಯಂತ್ರವೂ ಬಹಳ ಕೆಟ್ಟಿತ್ತು. ೧೮೮೦ರಲ್ಲಿ ಹುಲಿ ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಸೇರಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿನ ಹೊಡೆತಕ್ಕೆ ಮೇಲ್ಛಾವಣಿ ಕುಸಿದು ಮರದ ಮೈ ನೂರಾರು ಚೂರುಗಳಾಯಿತು. ಆ ಚೂರುಗಳನ್ನು ತಾಳ್ಮೆಯಿಂದ ಕೂಡಿಸಿ ೧೯೪೭ರ ಹೊತ್ತಿಗೆ ಹುಲಿಯನ್ನು ಮತ್ತೆ ನಿಲ್ಲಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನೂರಾರು ಚೂರಾದ ಮೈ ಮರಳಿ ಬಂತು. ಧ್ವನಿಯ ಗತಿ ಹಾಗಾಗಲಿಲ್ಲ. ಹುಲಿ ಇಂಗ್ಲೆಂಡಿಗೆ ಬಂದಮೇಲೆ ಆರ್ಗನ್ ಭಾಗವನ್ನು ಸರಿಪಡಿಸಿದವರು ಅದನ್ನು ತಮ್ಮ ಕಾಲದ ರೂಢಿಗೆ ತಕ್ಕಂತೆ ತಿದ್ದಿದರೆಂದೂ, ಅದರಿಂದ ಮೂಲದ ಕಾರ್ಯವಿಧಾನ ಬಹುಮಟ್ಟಿಗೆ ಹಾಳಾಯಿತೆಂದೂ ಯಂತ್ರವಾದ್ಯಗಳ ಇತಿಹಾಸಕಾರ ಆರ್ಥರ್ ಆರ್ಡ್-ಹ್ಯೂಮ್ ಅಭಿಪ್ರಾಯಪಟ್ಟಿದ್ದಾರೆ. ಶತ್ರುವಿನ ಬಾಂಬು ಮಾಡದ ನಷ್ಟವನ್ನು ಸದುದ್ದೇಶದ ದುರಸ್ತಿ ಮಾಡಿತು!

ಉಸಿರಿನ ಗೊಂಬೆ, ಗೀರಿನ ಗೊಂಬೆ

ಮನೆಗಳಲ್ಲಿರುವ ಮಾತಿನ ಗೊಂಬೆಗಳನ್ನು ಅವುಗಳ ಧ್ವನಿ ಎಲ್ಲಿದೆ ಎಂಬುದನ್ನು ನೋಡಿ ನಾಲ್ಕು ಜಾತಿಗಳಾಗಿ ವಿಂಗಡಿಸಬಹುದು. ಯಾವ ಜಾತಿಯದೆಂದು ತಿಳಿಯದೆ ದುರಸ್ತಿಗೆ ತೊಡಗುವುದು, ರೋಗ ತಿಳಿಯದೆ ಮದ್ದು ಕೊಟ್ಟಂತೆ.

ಮೊದಲನೆಯದು ಉಸಿರಿನಿಂದ ಮಾತನಾಡುವ ಗೊಂಬೆ. ಶ್ರೀರಂಗಪಟ್ಟಣದ ಹುಲಿ ಈ ಜಾತಿಯದು. ಹಾರ್ಮೋನಿಯಂ ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ತಿದಿ ಶ್ವಾಸಕೋಶದ ಕೆಲಸವನ್ನು ಮಾಡುತ್ತದೆ; ತೆಳುವಾದ ಲೋಹದ ನಾಲಗೆ ಗಾಳಿಗೆ ಕಂಪಿಸಿ ಧ್ವನಿತಂತುಗಳ ಕೆಲಸವನ್ನು ಮಾಡುತ್ತದೆ. ಹಂಗೆರಿಯ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಇಂಥ ತಿದಿ, ನಾಲಗೆ ಹಾಗೂ ಮೆತ್ತನೆಯ ಬಾಯಿಯೊಂದನ್ನು ಜೋಡಿಸಿ ಮಾತಿನ ಯಂತ್ರವನ್ನು ರಚಿಸಿ, ೧೭೯೧ರಲ್ಲಿ ಅದರ ವಿವರವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದ. ಯೋಹಾನ್ ಮೆಲ್ಟ್ಸೆಲ್ ಎಂಬಾತ ೧೮೨೪ರಲ್ಲಿ ಪ್ಯಾರಿಸ್ಸಿನಲ್ಲಿ ‘ಪಾಪಾ’, ‘ಮಾಮಾ’ ಎನ್ನುವ ಗೊಂಬೆಗೆ ಹಕ್ಕುಪತ್ರ ಪಡೆದ. ಬಾಯಿ ಮುಚ್ಚಿರುವಾಗ ಧ್ವನಿ ‘ಮ್’ ಎನ್ನುತ್ತದೆ. ತೆರೆದೊಡನೆ ‘ಮಾ’ ಆಗುತ್ತದೆ. ಮಗು ಕಲಿಯುವ ಮೊದಲ ಮಾತನ್ನೇ ಗೊಂಬೆಯೂ ಮೊದಲು ಕಲಿತದ್ದು ಇದರಿಂದಲೇ. ಬಗ್ಗಿಸಿದರೆ ‘ಅಂಬಾ’ ಎನ್ನುವ ಡಬ್ಬಿಯೊಳಗೂ ಭಾರ ಕಟ್ಟಿದ ತಿದಿಯೇ ಇರುವುದು.

ಎರಡನೆಯದು ಗೀರಿನಿಂದ ಮಾತನಾಡುವ ಗೊಂಬೆ. ಥಾಮಸ್ ಎಡಿಸನ್ ೧೮೭೭ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದ. ಗಾಳಿಯ ಕಂಪನವನ್ನು ಸೂಜಿಯಿಂದ ಗೀರಾಗಿ ಬರೆದು, ಮತ್ತೆ ಅದೇ ಗೀರಿನ ಮೇಲೆ ಸೂಜಿಯನ್ನು ಹರಿಸಿದರೆ ಧ್ವನಿ ಮರುಕಳಿಸುತ್ತದೆ. ೧೮೯೦ರಲ್ಲಿ ಅವನ ಕಾರ್ಖಾನೆ ಹೊಟ್ಟೆಯೊಳಗೆ ಮೇಣದ ಉರುಳೆಯನ್ನಿಟ್ಟ, ಸುಮಾರು ೫೬ ಸೆಂಟಿಮೀಟರು ಎತ್ತರದ ಗೊಂಬೆಯನ್ನು ಮಾರಾಟಕ್ಕೆ ತಂದಿತು. ಒಂದು ಉರುಳೆಯಿಂದ ಇನ್ನೊಂದಕ್ಕೆ ನಕಲು ತೆಗೆಯುವ ಅನುಕೂಲವಿಲ್ಲದಿದ್ದುದರಿಂದ ಹೆಂಗಸರು ಕಾರ್ಖಾನೆಯಲ್ಲಿ ಕುಳಿತು ಒಂದೊಂದು ಉರುಳೆಗೂ ಶಿಶುಗೀತೆಯನ್ನು ಬೇರೆಬೇರೆಯಾಗಿ ಹೇಳಬೇಕಾಗಿತ್ತು. ಮೇಣ ಬೇಗನೆ ಸವೆಯಿತು. ಮಗುವಿನ ಕೈ ಹಿಡಿಯನ್ನು ಒಂದೇ ವೇಗದಲ್ಲಿ ತಿರುಗಿಸಲಾರದೆ ಮಾತು ಕೆಟ್ಟಿತು. ಕೆಲವೇ ವಾರಗಳಲ್ಲಿ ಗೊಂಬೆಯನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

೧೯೬೦ರ ಸುಮಾರಿನಲ್ಲಿ ಅಮೆರಿಕದ ಮ್ಯಾಟೆಲ್ ಕಂಪೆನಿ ಹೊರತಂದ ‘ಚ್ಯಾಟಿ ಕ್ಯಾಥಿ’ ಈ ಜಾತಿಯ ಸುಧಾರಿತ ರೂಪ. ಬೆನ್ನಿನ ದಾರವನ್ನೆಳೆದರೆ ಒಳಗಿನ ಸ್ಪ್ರಿಂಗು ಬಿಗಿಯುತ್ತದೆ. ಬಿಟ್ಟರೆ ಅದು ಸಡಿಲುತ್ತ ಚಿಕ್ಕ ರೆಕಾರ್ಡು ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆಯ ಮೇಲೆ ಒಂದರ ಪಕ್ಕದಲ್ಲೊಂದು ಹೆಣೆದುಕೊಂಡ ಹಲವು ಸುರುಳಿ ಗೀರುಗಳಿವೆ. ಸೂಜಿ ಯಾವ ಗೀರಿನ ಬಾಯಿಗೆ ಬಿದ್ದರೆ ಆ ವಾಕ್ಯ ಕೇಳಿಸುತ್ತದೆ. ಗೊಂಬೆ ತನ್ನ ಮನಸ್ಸಿಗೆ ಬಂದದ್ದನ್ನು ನುಡಿಯುತ್ತದೆಂದು ಮಕ್ಕಳಿಗೆ ತೋರುವುದು ಇದರಿಂದಲೇ. ಇದಕ್ಕೆ ಸೆಲ್ಲಿನ ಅಗತ್ಯವೇ ಇಲ್ಲ.

ಟೇಪಿನ ಗೊಂಬೆ, ಚಿಪ್ಪಿನ ಗೊಂಬೆ

ಮೂರನೆಯದು ಟೇಪಿನಿಂದ ಮಾತನಾಡುವುದು. ಇಲ್ಲಿ ಹೊಸದೊಂದು ಸಮಸ್ಯೆ ಎದುರಾಯಿತು: ತುಟಿಯ ಚಲನೆ ಮಾತಿಗೆ ಸರಿಯಾಗಿ ಹೊಂದಬೇಕು. ಸೂತ್ರದ ಗೊಂಬೆಯಾಟದಲ್ಲಿ ಹಿಂದೆ ನಿಂತ ಭಾಗವತನ ಮಾತಿಗೆ ತಕ್ಕಂತೆ ಸೂತ್ರಧಾರನು ದಾರವನ್ನಾಡಿಸುತ್ತಾನೆ. ಸೂತ್ರಧಾರನೇ ಇಲ್ಲದ ಗೊಂಬೆಯಲ್ಲಿ ಈ ಹೊಂದಾಣಿಕೆ ಹೇಗೆ? ೧೯೬೦ರ ದಶಕದಲ್ಲಿ ವಾಲ್ಟ್ ಡಿಸ್ನಿಯ ತಂತ್ರಜ್ಞರು ಧ್ವನಿಯ ಜೊತೆಗೆ ಚಲನೆಯ ಆಜ್ಞೆಗಳನ್ನೂ ಟೇಪಿನಲ್ಲಿ ಮುದ್ರಿಸಿ, ಯಂತ್ರದ ಹಕ್ಕಿಗಳನ್ನೂ ಮನುಷ್ಯರನ್ನೂ ಆಡಿಸಿದರು. ಡಿಸ್ನಿಯಲ್ಲಿ ದುಡಿದಿದ್ದ ಕೆನ್ ಫೋರ್ಸ್ ಈ ಉಪಾಯವನ್ನು ಆಟಿಕೆಗೆ ಇಳಿಸಿದ. ೧೯೮೫ರಲ್ಲಿ ಬಂದ ‘ಟೆಡ್ಡಿ ರಕ್ಸ್‌ಪಿನ್’ ಎಂಬ ಕರಡಿಯ ಬೆನ್ನಿನಲ್ಲಿ ಕ್ಯಾಸೆಟ್ ಯಂತ್ರವಿದೆ. ಸ್ಟೀರಿಯೊ ಕ್ಯಾಸೆಟ್ಟಿನ ಎರಡು ಪಥಗಳಲ್ಲಿ ಒಂದರಲ್ಲಿ ಕಥೆ. ಇನ್ನೊಂದರಲ್ಲಿ ಕಣ್ಣು, ಮೇಲ್ದವಡೆ, ಕೆಳದವಡೆಗಳ ಮೋಟಾರುಗಳಿಗೆ ಆಜ್ಞೆ. ಎರಡೂ ಒಂದೇ ಟೇಪಿನ ಮೇಲಿರುವುದರಿಂದ ಅವು ತಾಳ ತಪ್ಪುವುದಿಲ್ಲ.

ನಾಲ್ಕನೆಯದು ಚಿಪ್ಪಿನಿಂದ ಮಾತನಾಡುವುದು. ೧೯೭೮ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ‘ಸ್ಪೀಕ್ ಅಂಡ್ ಸ್ಪೆಲ್’ ಎಂಬ ಆಟಿಕೆಯಲ್ಲಿ ಒಂದೇ ಚಿಪ್ಪಿನಿಂದ ಮಾತನ್ನು ಹೊರಡಿಸಿತು. ಈ ಚಿಪ್ಪು ಧ್ವನಿಯನ್ನು ಇದ್ದಂತೆಯೇ ಬರೆದಿಡುವುದಿಲ್ಲ. ಗಂಟಲಿನ ಗುಂಯ್‌ಗಾರ ಎಷ್ಟು, ಬಾಯಿಯ ಆಕಾರ ಎಂಥದು ಎಂಬುದನ್ನು ಅಂಕಿಗಳಲ್ಲಿ ಇಟ್ಟುಕೊಂಡು ಮಾತನ್ನು ಆ ಕ್ಷಣದಲ್ಲಿ ಕಟ್ಟುತ್ತದೆ. ಕೆಂಪೆಲೆನ್ನನ ತಿದಿ, ಬಾಯಿಗಳೇ ಇಲ್ಲಿ ಗಣಿತದ ರೂಪ ತಾಳಿವೆ ಎನ್ನಬಹುದು. ೧೯೯೮ರಲ್ಲಿ ಬಂದ ‘ಫರ್ಬಿ’ ಎಂಬ ಗೊಂಬೆಯೂ ಚಿಪ್ಪಿನದೇ. ಅದರ ಕಣ್ಣು, ಕಿವಿ, ಕೊಕ್ಕುಗಳನ್ನೆಲ್ಲ ಒಂದೇ ಒಂದು ಮೋಟಾರು, ಓರೆಕೋರೆ ಅಂಚಿನ ಗಾಲಿಗಳ ಮೂಲಕ ಆಡಿಸುತ್ತದೆ. ಆದಕಾರಣ ಆ ಒಂದು ಮೋಟಾರು ನಿಂತರೆ ಮುಖವೆಲ್ಲ ಒಟ್ಟಿಗೆ ಸ್ತಬ್ಧವಾಗುತ್ತದೆ.

ಗೊಂಬೆ ಮೂಕವಾಗುವುದೇಕೆ?

ಮೂಕತನಕ್ಕೆ ಕಾರಣಗಳು ಹಲವಾದರೂ ನಾಲ್ಕು ಮುಖ್ಯವಾದುವು. ಇವುಗಳಲ್ಲಿ ಯಾವುದೂ ಧ್ವನಿಗೆ ಸಂಬಂಧಿಸಿದ್ದಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೊದಲನೆಯ ಕಾರಣ, ಒಳಗೇ ಮರೆತ ಸೆಲ್ಲು. ಕ್ಷಾರೀಯ ಸೆಲ್ಲುಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡೆಂಬ ತೀಕ್ಷ್ಣ ಕ್ಷಾರವಿದೆ. ಶಕ್ತಿ ಮುಗಿದ ಸೆಲ್ಲಿನೊಳಗೆ ಜಲಜನಕ ಅನಿಲ ಸೇರಿ ಒತ್ತಡ ಹೆಚ್ಚಿದಾಗ ಈ ದ್ರವ ಹೊರಕ್ಕೆ ಒಸರುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಬಿಳಿಯ ಪುಡಿಯಾಗುತ್ತದೆ. ಹಳೆಯ ಬಗೆಯ ಸತು–ಇಂಗಾಲದ ಸೆಲ್ಲುಗಳು ಒಸರಿದರೆ ಬರುವುದು ಆಮ್ಲಗುಣದ ಲವಣಗಳು. ಎರಡೂ ಲೋಹದ ಪಟ್ಟಿಗಳನ್ನು ತಿಂದು ಕಿಲುಬು ಹಿಡಿಸುತ್ತವೆ, ವಿದ್ಯುತ್ತು ಹರಿಯುವುದಿಲ್ಲ.

ಎರಡನೆಯದು ರಬ್ಬರು. ಮೋಟಾರಿನಿಂದ ಗಾಲಿಗೆ ಚಲನೆಯನ್ನು ಸಾಗಿಸುವ ಚಿಕ್ಕ ಪಟ್ಟಿ ಹಿಟ್ಟಿನ ಗಿರಣಿಯ ಪಟ್ಟಿಯಂತೆಯೇ ಬಿಗಿಯಾಗಿರಬೇಕು. ಗಾಳಿಯ ಆಮ್ಲಜನಕವೂ ಓಜೋನೂ ರಬ್ಬರಿನ ಉದ್ದವಾದ ಅಣುಸರಪಣಿಗಳನ್ನು ಕತ್ತರಿಸುತ್ತ ಹೋಗುತ್ತವೆ. ವರ್ಷಗಳು ಕಳೆದಂತೆ ಪಟ್ಟಿ ಜೋಲುತ್ತದೆ, ಬಿರಿಯುತ್ತದೆ, ಇಲ್ಲವೆ ಕರಗಿ ಡಾಂಬರಿನಂತೆ ಅಂಟಾಗುತ್ತದೆ. ಆಗ ಮೋಟಾರು ತಿರುಗಿದರೂ ಟೇಪು ಓಡದು.

ಮೂರನೆಯದು ಗ್ರೀಸು. ಕಾಲಾಂತರದಲ್ಲಿ ಅದು ಒಣಗಿ ಮೇಣದಂತೆ ಗಟ್ಟಿಯಾಗಿ ಗಾಲಿಗಳನ್ನು ಹಿಡಿಯುತ್ತದೆ. ನಾಲ್ಕನೆಯದು ಪ್ಲಾಸ್ಟಿಕ್ಕಿನ ಹಲ್ಲುಗಾಲಿ. ಲೋಹದ ಅಚ್ಚಿಗೆ ಬಿಗಿಯಾಗಿ ತೂರಿಸಿದ ಚಿಕ್ಕ ಗಾಲಿ ವರ್ಷಗಟ್ಟಲೆ ಎಳೆತಕ್ಕೆ ಸಿಕ್ಕಿ ಸೀಳಿಬಿಡುತ್ತದೆ. ಗೊಂಬೆ ದವಡೆಯನ್ನಾಡಿಸುವಾಗ ‘ಟಕ್ ಟಕ್’ ಎಂದು ಹಲ್ಲು ಜಾರುವ ಸದ್ದು ಕೇಳಿಸಿದರೆ ಇದೇ ಕಾರಣವೆಂದು ತಿಳಿಯಬಹುದು.

ಇವುಗಳ ಜೊತೆಗೆ ನಮ್ಮ ಹವೆಯನ್ನೂ ನೆನೆಯಬೇಕು. ಕಪಿಲೆ, ಕಾವೇರಿಗಳ ಬಯಲಿನಲ್ಲಿ ಮಳೆಗಾಲದ ತೇವ ತೊಗಲಿನ ತಿದಿಗೆ ಬೂಷ್ಟು ಹಿಡಿಸುತ್ತದೆ. ಸರೇಸನ್ನು ಮೆತ್ತಗೆ ಮಾಡುತ್ತದೆ. ಬೇಸಗೆಯಲ್ಲಿ ಹೆಂಚಿನ ಕೆಳಗಿನ ಅಟ್ಟ ಕಾಯ್ದು ರಬ್ಬರಿನ ಮುಪ್ಪನ್ನು ಬೇಗನೆ ತರುತ್ತದೆ. ಇಲಿಗಳ ವಿಚಾರವನ್ನು ಹೇಳಬೇಕಾಗಿಯೇ ಇಲ್ಲ.

ಮನೆಯಲ್ಲಿ ಮಾಡುವ ಕ್ರಮ

ಮೊದಲನೆಯ ಕೆಲಸ ಬಿಚ್ಚುವುದಲ್ಲ; ಕೇಳುವುದು. ಗೊಂಬೆ ತೊದಲುತ್ತಲಾದರೂ ಇನ್ನೂ ಮಾತನಾಡುತ್ತಿದ್ದರೆ ಆ ಧ್ವನಿಯನ್ನು ಕೂಡಲೆ ಮೊಬೈಲ್ ಫೋನಿನಲ್ಲಿ ಮುದ್ರಿಸಿಕೊಳ್ಳಬೇಕು. ಮನೆಯವರ ಮಾತನ್ನು ನಾವೇ ತುಂಬಬಹುದಾದ ಗೊಂಬೆಗಳಲ್ಲಿ ಇದು ಅತ್ಯಗತ್ಯ. ಅಂಥ ಕೆಲವು ಗೊಂಬೆಗಳ ಸ್ಮೃತಿ ವಿದ್ಯುತ್ತು ಇರುವವರೆಗೆ ಮಾತ್ರ ಉಳಿಯುತ್ತದೆ. ಸೆಲ್ಲನ್ನು ಕಳಚಿದ ಕ್ಷಣದಲ್ಲಿ, ಎಂದೋ ಅಜ್ಜಿ ಮೊಮ್ಮಗಳಿಗಾಗಿ ಆಡಿಟ್ಟ ಮಾತು ಶಾಶ್ವತವಾಗಿ ಅಳಿಯುತ್ತದೆ. ಹೊಸ ಸೆಲ್ಲು ಹಾಕಿದರೆ ಯಂತ್ರ ನಡೆದೀತು, ಅಜ್ಜಿಯ ಮಾತು ಬರಲಾರದು. ಎಡಿಸನ್ನನ ಕಾಲದ ಮೇಣದ ಉರುಳೆಯಾದರೆ ಇದಕ್ಕೆ ವಿರುದ್ಧವಾದ ನಿಯಮ: ಅದನ್ನು ಒಮ್ಮೆಯೂ ನುಡಿಸಬಾರದು. ಸೂಜಿ ಹರಿದಂತೆಲ್ಲ ಮೇಣ ಸವೆಯುತ್ತದೆ.

ಎರಡನೆಯದಾಗಿ, ಸೆಲ್ಲುಗಳನ್ನು ತೆಗೆದು ಮನೆಯ ಎದುರಿನ ಬೆಳಕಿನಲ್ಲಿ ಕೋಣೆಯನ್ನು ಪರೀಕ್ಷಿಸಬೇಕು. ಕ್ಷಾರೀಯ ಸೆಲ್ಲಿನ ಬಿಳಿಯ ಪುಡಿಯಾದರೆ ಹತ್ತಿಯ ಕಡ್ಡಿಯನ್ನು ವಿನೆಗರಿನಲ್ಲೋ ನಿಂಬೆಯ ರಸದಲ್ಲೋ ಅದ್ದಿ ಒರಸಿದರೆ ಅದು ಗುಳ್ಳೆಗುಳ್ಳೆಯಾಗಿ ಕರಗುತ್ತದೆ. ಸತು–ಇಂಗಾಲದ ಸೆಲ್ಲಾದರೆ ಅಡಿಗೆ ಸೋಡದ ನೀರು ಬೇಕು. ಅನಂತರ ಭಟ್ಟಿಯಿಳಿಸಿದ ನೀರಿನಿಂದ ಒರಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒಣಗಿಸಬೇಕು. ಕೈಗೆ ರಬ್ಬರಿನ ಚೀಲವಿರಲಿ. ಕ್ಷಾರ ಕಣ್ಣಿಗೆ ತಾಗಬಾರದು. ಹಿತ್ತಾಳೆಯ ಪಾತ್ರೆಯನ್ನು ಬೆಳಗುವಂತೆ ಹುಣಸೆಹಣ್ಣು ಬೂದಿಗಳಿಂದ ಉಜ್ಜುವುದು ಸಲ್ಲದು. ಲೋಹದ ಮೇಲಿನ ತೆಳುವಾದ ಲೇಪ ಹೋದರೆ ಕಿಲುಬು ಇನ್ನಷ್ಟು ಬೇಗ ಬರುತ್ತದೆ.

ಅನೇಕ ಗೊಂಬೆಗಳು ಈ ಹಂತದಲ್ಲಿಯೇ ಬಾಯಿ ಬಿಡುತ್ತವೆ. ಬಿಡದಿದ್ದರೆ ಮೈಯನ್ನು ತೆರೆಯಬೇಕು. ತುಪ್ಪಳದ ಹೊದಿಕೆಯನ್ನು ಕತ್ತರಿಸದೆ ಹೊಲಿಗೆಯ ದಾರವನ್ನು ಮಾತ್ರ ಬಿಚ್ಚಬೇಕು. ಒಂದೊಂದು ತಿರುಪನ್ನು ತೆಗೆಯುವ ಮೊದಲೂ ಚಿತ್ರ ತೆಗೆದಿಟ್ಟರೆ ಮರುಜೋಡಣೆ ಸುಲಭ. ಸ್ಪ್ರಿಂಗಿನ ಗೊಂಬೆಯಾದರೆ ಬಿಗಿತವನ್ನು ಪೂರ್ತಿ ಇಳಿಸಿದ ಮೇಲೆಯೇ ಒಳಗೆ ಕೈಹಾಕಬೇಕು.

ಈಗ ಎರಡು ಚಿಕ್ಕ ಪರೀಕ್ಷೆಗಳು. ೧.೫ ವೋಲ್ಟಿನ ಒಂದು ಸೆಲ್ಲಿಗೆ ಎರಡು ತಂತಿಗಳನ್ನು ಜೋಡಿಸಿ, ಸ್ಪೀಕರಿನ ತುದಿಗಳಿಗೆ ಕ್ಷಣಮಾತ್ರ ಮುಟ್ಟಿಸಿದರೆ ‘ಚಿಟ್’ ಎಂಬ ಸದ್ದು ಬರಬೇಕು. ಬಂದರೆ ಸ್ಪೀಕರು ಸರಿಯಾಗಿದೆ. ಗಾಲಿಯಿಂದ ಬಿಡಿಸಿದ ಮೋಟಾರಿಗೆ ಅದೇ ತಂತಿಗಳನ್ನು ಮುಟ್ಟಿಸಿದರೆ ಅದು ತಿರುಗಬೇಕು. ಟೇಪಿನ ಕರಡಿಯಾದರೆ ಮೂರನೆಯ ಪರೀಕ್ಷೆಯೊಂದುಂಟು: ಅದರ ಕ್ಯಾಸೆಟ್ಟನ್ನು ಸುಸ್ಥಿತಿಯಲ್ಲಿರುವ ಸ್ಟೀರಿಯೊ ಯಂತ್ರದಲ್ಲಿಟ್ಟು ಕೇಳಿದರೆ ಒಂದು ಕಿವಿಗೆ ಕಥೆಯೂ ಇನ್ನೊಂದು ಕಿವಿಗೆ ಗರಗರ ಸದ್ದೂ ಕೇಳಿಸುತ್ತವೆ. ಆ ಗರಗರವೇ ದವಡೆಗೆ ಹೋಗುವ ಆಜ್ಞೆ. ಎರಡೂ ಕೇಳಿದರೆ ಧ್ವನಿ ಸುರಕ್ಷಿತ; ದೋಷವಿರುವುದು ಯಂತ್ರದಲ್ಲಿ.

ಪಟ್ಟಿ ಹೋಗಿದ್ದರೆ ಅದು ಹಾದುಹೋಗುವ ದಾರಿಯನ್ನು ನೂಲಿನಿಂದ ಸುತ್ತಿ ಅಳೆಯಬೇಕು. ಹೊಸ ಪಟ್ಟಿಯ ಸುತ್ತಳತೆ ಇದಕ್ಕಿಂತ ನೂರಕ್ಕೆ ಐದರಿಂದ ಎಂಟರಷ್ಟು ಕಡಿಮೆಯಿರಲಿ. ನೂಲು ೨೦ ಸೆಂಟಿಮೀಟರಾದರೆ ಪಟ್ಟಿ ೧೮.೫ರಿಂದ ೧೯ ಸೆಂಟಿಮೀಟರು. ಹೆಚ್ಚು ಬಿಗಿಯಾದರೆ ಮೋಟಾರಿನ ಅಚ್ಚು ಸವೆಯುತ್ತದೆ; ಸಡಿಲವಾದರೆ ಟೇಪು ನಿಧಾನವಾಗುತ್ತದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ ೪.೭೬ ಸೆಂಟಿಮೀಟರು ಓಡಬೇಕು. ವೇಗ ನೂರಕ್ಕೆ ಹತ್ತು ಕುಗ್ಗಿದರೆ ಶ್ರುತಿ ಸುಮಾರು ಎರಡು ಸ್ವರಸ್ಥಾನ ಇಳಿದು ಕರಡಿಮರಿಯ ದನಿ ಮುದುಕನ ದನಿಯಾಗುತ್ತದೆ. ಕಾಗದದ ಕಟ್ಟಿಗೆ ಹಾಕುವ ಸಾಮಾನ್ಯ ರಬ್ಬರ್ ಬಳೆ ಕೆಲವು ದಿನ ನಡೆದೀತಾದರೂ ಅದರ ದಪ್ಪ ಒಂದೇ ಸಮನಾಗಿರದ ಕಾರಣ ಮಾತು ನಡುಗುತ್ತದೆ. ಟೇಪು ಹಾಯುವ ತಲೆಯನ್ನು ಆಲ್ಕೊಹಾಲಿನಿಂದ ಮೆಲ್ಲಗೆ ಒರಸಬೇಕು. ಅಯಸ್ಕಾಂತ ಹಿಡಿದ ತಿರುಪುಳಿಯನ್ನು ಅದರ ಬಳಿಗೂ ಕ್ಯಾಸೆಟ್ಟಿನ ಬಳಿಗೂ ತರಲೇಬಾರದು. ಟೇಪಿನ ಧ್ವನಿ ಕಾಂತತೆಯಲ್ಲಿ ಬರೆದದ್ದು. ಅಯಸ್ಕಾಂತ ಅದನ್ನು ಅಳಿಸಬಲ್ಲುದು.

ಸೀಳಿದ ಹಲ್ಲುಗಾಲಿಗೆ ಅಂಟು ಹಾಕಿ ಪ್ರಯೋಜನವಿಲ್ಲ. ಅಂಥ ಗಾಲಿಗಳ ಜಾರುವ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಬೇರೆ ಗಾಲಿಯನ್ನು ತರಿಸಲು ಅದರ ‘ಮಾಡ್ಯೂಲ್’ ತಿಳಿದರೆ ಸಾಕು. ಹೊರವ್ಯಾಸವನ್ನು, ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ೧೦ ಹಲ್ಲುಗಳ ಗಾಲಿಯ ಹೊರವ್ಯಾಸ ೬ ಮಿಲಿಮೀಟರಾದರೆ, ೬ನ್ನು ೧೨ರಿಂದ ಭಾಗಿಸಿದಾಗ ಮಾಡ್ಯೂಲ್ ೦.೫ ಎಂದಾಯಿತು. ಇದೇ ಮಾಡ್ಯೂಲಿನ, ಅಷ್ಟೇ ಹಲ್ಲುಗಳ, ಅಷ್ಟೇ ಗಾತ್ರದ ತೂತಿನ ಗಾಲಿ ಸರಿಯಾಗಿ ಕೂಡುತ್ತದೆ. ಇಂದು ಮೂರು ಆಯಾಮದ ಮುದ್ರಣಯಂತ್ರಗಳಿಂದಲೂ ಇಂಥ ಗಾಲಿಯನ್ನು ಮಾಡಿಸಿಕೊಳ್ಳಬಹುದು.

ಗಟ್ಟಿಯಾದ ಗ್ರೀಸನ್ನು ಆಲ್ಕೊಹಾಲಿನಿಂದ ತೆಗೆದು, ಪ್ಲಾಸ್ಟಿಕ್ಕಿಗೆ ಹೊಂದುವ ಸಿಲಿಕೋನ್ ಗ್ರೀಸನ್ನು ಸಾಸಿವೆಯಷ್ಟು ಹಚ್ಚಿದರೆ ಸಾಕು. ಮನೆಯಲ್ಲಿ ಸುಲಭವಾಗಿ ಸಿಗುವುದೆಂದು ಕೊಬ್ಬರಿ ಎಣ್ಣೆ ಬಿಡುವವರುಂಟು. ಅದು ಸುಮಾರು ೨೪ ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಮಾಗಿಯ ಬೆಳಗಿನಲ್ಲಿ ಗೊಂಬೆ ಮತ್ತೆ ಸ್ತಬ್ಧವಾಗುತ್ತದೆ.

ಉಸಿರಿನ ಗೊಂಬೆಯಾದರೆ ತಿದಿಯ ಬಾಯನ್ನು ಬೆರಳಿನಿಂದ ಮುಚ್ಚಿ ಒತ್ತಿ ನೋಡಬೇಕು. ಗಾಳಿ ಬೇಗ ಇಳಿದರೆ ಎಲ್ಲೋ ಸೋರಿಕೆಯಿದೆ. ಹಾರ್ಮೋನಿಯಂ ಸರಿಪಡಿಸುವವರು ಬಳಸುವ ತೆಳುವಾದ ತೊಗಲಿನ ತೇಪೆಯನ್ನು ಸರೇಸಿನಿಂದ ಅಂಟಿಸಬಹುದು. ಇಲ್ಲಿ ಸರೇಸೇ ಏಕೆ? ಅದನ್ನು ಬಿಸಿ, ತೇವಗಳಿಂದ ಮತ್ತೆ ಬಿಡಿಸಬಹುದು. ನಮಗಿಂತ ಚೆನ್ನಾಗಿ ಬಲ್ಲವನೊಬ್ಬ ಮುಂದೆ ಬಂದಾಗ ನಮ್ಮ ತೇಪೆಯನ್ನು ತೆಗೆದು ಹೊಸದು ಹಾಕಲು ಎಡೆಯಿರಬೇಕು. ಕಂಪಿಸುವ ಲೋಹದ ನಾಲಗೆಯನ್ನಂತೂ ಅರದಿಂದ ಉಜ್ಜಬಾರದು. ಗೊಂಬೆಯ ಶ್ರುತಿ ಅದರ ದಪ್ಪದಲ್ಲಿದೆ. ಉಜ್ಜಿಹೋದ ಲೋಹವನ್ನು ಮತ್ತೆ ಕೂಡಿಸಲಾಗದು.

ಕೆಲಸ ಮಾಡುವವರು ಕೆಲವು ಎಚ್ಚರಗಳನ್ನು ಮರೆಯಬಾರದು. ಸೆಲ್ಲುಗಳ ಅಲ್ಪ ವೋಲ್ಟಿನಿಂದ ಭಯವಿಲ್ಲ. ಆದರೆ ಗೋಡೆಯ ವಿದ್ಯುತ್ತಿಗೆ ಜೋಡಿಸುವ ಅಡಾಪ್ಟರನ್ನು ಬಿಚ್ಚಬಾರದು. ಗುಂಡಿಯಂಥ ಚಪ್ಪಟೆ ಸೆಲ್ಲುಗಳು ಎಳೆಯ ಮಕ್ಕಳ ಕೈಗೆ ಸಿಕ್ಕಬಾರದು. ನುಂಗಿದರೆ ಅವು ಗಂಟಲನ್ನು ಸುಟ್ಟು ಪ್ರಾಣಕ್ಕೇ ಎರವಾಗಬಲ್ಲುವು. ಅಂಥ ಸಂದರ್ಭದಲ್ಲಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ತುಂಬ ಹಳೆಯ ಗೊಂಬೆಗಳ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದನ್ನು ಕೆರೆಯಬಾರದು. ಹಬ್ಬ ಮುಗಿದೊಡನೆ ಸೆಲ್ಲುಗಳನ್ನು ತೆಗೆದು ಗೊಂಬೆಯನ್ನು ಒಣಗಿದ, ತಂಪಾದ ಎಡೆಯಲ್ಲಿಡುವುದು ಎಲ್ಲ ದುರಸ್ತಿಗಳಿಗಿಂತ ಮೇಲಾದ ದುರಸ್ತಿ. ತನ್ನ ಸ್ಮೃತಿಗೆ ಸೆಲ್ಲನ್ನೇ ನೆಚ್ಚಿದ ಗೊಂಬೆಯಿಂದ ಮಾತ್ರ, ಧ್ವನಿಯನ್ನು ಮುದ್ರಿಸಿಕೊಂಡ ಮೇಲೆಯೇ ಅದನ್ನು ತೆಗೆಯಬೇಕು.

ಕಾಯುವುದೂ ಒಂದು ದುರಸ್ತಿ

ಏನು ಮಾಡಿದರೂ ಗೊಂಬೆ ಮಾತನಾಡದಿದ್ದರೆ? ಆಗ ನಿಲ್ಲಿಸುವುದೇ ವಿವೇಕ. ಎಡಿಸನ್ನನ ಗೊಂಬೆಗಳ ಕಥೆ ಇದಕ್ಕೆ ಸಾಕ್ಷಿ. ಉಳಿದಿದ್ದ ಕೆಲವು ಮೇಣದ ಉರುಳೆಗಳನ್ನು ಅವುಗಳ ಒಡೆಯರು, ಸೂಜಿ ತಾಗಿದರೆ ಹಾಳಾದಾವೆಂಬ ಭಯದಿಂದ, ಬಹುಕಾಲ ನುಡಿಸದೆ ಇಟ್ಟ��ದ್ದರು. ಅವುಗಳ ಧ್ವನಿಯನ್ನು ಯಾರೂ ಕೇಳಲಾರದಾಗಿದ್ದರು. ಈ ನಡುವೆ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯ ಭೌತವಿಜ್ಞಾನಿ ಕಾರ್ಲ್ ಹೇಬರ್ ಮತ್ತು ಅವರ ಸಂಗಡಿಗರು ಗೀರನ್ನು ಸೂಜಿಯಿಂದ ಮುಟ್ಟದೆ, ಬೆಳಕಿನಿಂದ ಅಳೆದು, ಅದರ ಏರುತಗ್ಗುಗಳನ್ನು ಗಣಕದಲ್ಲಿ ಧ್ವನಿಯಾಗಿ ಪರಿವರ್ತಿಸುವ ವಿಧಾನವನ್ನು ರೂಪಿಸಿದರು. ಆ ವಿಧಾನದಿಂದ ಓದಿದ ಗೊಂಬೆಗಳ ಧ್ವನಿಗಳು ೨೦೧೫ರಲ್ಲಿ ಸಾರ್ವಜನಿಕರಿಗೆ ಕೇಳಿಸಿದುವು. ೧೮೯೦ರಲ್ಲಿ ಕಾರ್ಖಾನೆಯಲ್ಲಿ ಕುಳಿತು ಶಿಶುಗೀತೆ ಹೇಳಿದ ಹೆಂಗಸರ ಮಾತು, ೧೨೫ ವರ್ಷಗಳ ಮೇಲೆ, ಮೇಣಕ್ಕೆ ಒಂದು ಗೀರೂ ಹೆಚ್ಚಾಗದೆ ಮರಳಿತು.

ಒಂದು ಕಡೆ, ಅನೇಕ ಕೈಗಳು ಸರಿಪಡಿಸಿದ ಹುಲಿ. ಅದರ ವಾದ್ಯ ಮೊದಲು ಹೇಗೆ ನುಡಿಯುತ್ತಿತ್ತೆಂಬುದು ಅಳಿಸಿಹೋಯಿತು. ಇನ್ನೊಂದು ಕಡೆ, ಕೈಹಾಕದೆ ಕಾದಿರಿಸಿದ ಮೇಣದ ಉರುಳೆ. ಅದರ ಮಾತು ಹೊಸ ಶತಮಾನದ ವಿಜ್ಞಾನಕ್ಕೆ ಸಿಕ್ಕಿತು. ಹಾಗೆಂದು ಗೊಂಬೆಯನ್ನು ಮುಟ್ಟಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಸೆಲ್ಲು, ಪಟ್ಟಿ, ಗಾಲಿ, ಗ್ರೀಸುಗಳನ್ನು ಧೈರ್ಯವಾಗಿ ಬದಲಾಯಿಸಬಹುದು; ತೆಗೆದ ಹಳೆಯ ಭಾಗಗಳನ್ನು ಬಿಸಾಡದೆ ಒಂದು ಲಕೋಟೆಯಲ್ಲಿ ದಿನಾಂಕ ಬರೆದು ಗೊಂಬೆಯ ಜೊತೆಗೇ ಇಡಬೇಕು. ನಾಲಗೆ, ಗೀರು, ಟೇಪು, ಚಿಪ್ಪು ಇವುಗಳ ವಿಷಯದಲ್ಲಿ ಮಾತ್ರ ಹಿಂದೆಗೆಯಲಾಗದ ಯಾವ ಹೆಜ್ಜೆಯನ್ನೂ ಇಡಬಾರದು. ಇಷ್ಟನ್ನು ಪಾಲಿಸಿದರೆ ಮುಂದಿನ ನವರಾತ್ರಿಗೆ ಗೊಂಬೆ ಮಾತನಾಡಿದರೂ ಆಡೀತು. ಆಡದಿದ್ದರೆ ಅದರ ಮಾತು ಕೆಡದೆ ಮುಂದಿನವರ ಪಾಲಿಗೆ ಉಳಿದಿರುತ್ತದೆ.